ಮುಳ್ಳೆಳೆದ ಜೋಳದ ಹೊಲ

ಎದುರು ಮನೆಯವರು ಹೊಸದಾಗಿ ಮೇವು ಕತ್ತರಿಸುವ ಮಿಷನ್ ತಂದಿದ್ದಾರೆ. ಮೊನ್ನೆ ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಾಗ ಅವರು ಹಸಿ ಜೋಳದ ಕಡ್ಡಿಯನ್ನು ಅದರ ಬಾಯಿಗೆ ಕೊಟ್ಟರು. ಸದ್ದಿನಿಂದ ನನಗೇನೂ ಅನ್ನಿಸಲಿಲ್ಲ. ಆದರೆ ಸದ್ದಿನ ಹಿಂದೆಯೇ ಬಂದ ಆ ವಾಸನೆ... ಕಬ್ಬಿನ ಹಾಲಿನಷ್ಟು ಸಿಹಿಯಲ್ಲ, ಹುಲ್ಲಿನಷ್ಟು ಸಪ್ಪೆಯೂ ಅಲ್ಲ. ಮೊರ ಕೈಯಲ್ಲೇ ನಿಂತುಹೋಯಿತು. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು.

ದೊಡ್ಡಮ್ಮ ನನಗೆ ರಕ್ತಸಂಬಂಧಿಯೇನಲ್ಲ. ಮದುವೆಯಾಗಿ ಕುಂದಾಣದ ಹತ್ತಿರದ ಈ ಊರಿಗೆ ಬಂದಾಗ ನಮ್ಮತ್ತೆ, "ಇವ್ರು ಪಕ್ಕದ್ ಮನೆಯವ್ರು, ದೊಡ್ಡಮ್ಮ ಅನ್ನು" ಅಂದರು. ಅಂದೆ. ಅಲ್ಲಿಂದ ದೊಡ್ಡಮ್ಮನೇ ಆದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಹೊಸಕೋಟೆ ಕಡೆ ಸಮೇತನಹಳ್ಳಿಗೆ ಕೊಟ್ಟಿದ್ದರು. ಇಲ್ಲಿ ಅವರು, ಅವರ ಕೆಂಪು ಸೀಮೆಹಸು, ಊರ ಹಿಂದಿನ ದಿಣ್ಣೆಯಲ್ಲಿ ಒಂದು ತುಂಡು ಗರಸು ನೆಲ. ಬೋರು ಇದ್ದವರೆಲ್ಲ ಸೀಮೆಹುಲ್ಲು ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮನಿಗೆ ಬೋರು ಇರಲಿಲ್ಲ. ಅರ್ಧ ನೆಲಕ್ಕೆ ರಾಗಿ, ಉಳಿದರ್ಧಕ್ಕೆ ಮೇವಿನ ಜೋಳ, ಜೋಳದ ನಡುನಡುವೆ ಅಲಸಂದೆ ಸಾಲು. ಇಷ್ಟೇ ಅವರ ಬೇಸಾಯ.

ನಾನು ಮಂಡ್ಯ ಕಡೆಯ ಕಾಲುವೆ ಬಯಲಿನವಳು. ಅದೇ ಅವರಿಗೆ ತಮಾಷೆ.

"ನಿಮ್ಮೂರಲ್ಲಿ ತೂಬು ಎತ್ತಿದ್ರೆ ನೀರು. ಇಲ್ಲಿ ಕತ್ತೆತ್ತಿ ಮ್ಯಾಕೆ ನೋಡ್ಬೇಕು ಕಣಮ್ಮ. ಮೊದಮೊದ್ಲು ಕತ್ತು ನೋಯುತ್ತೆ, ಆಮೇಲ್ ಅಭ್ಯಾಸ ಆಗೋಯ್ತದೆ" ಅನ್ನುತ್ತಿದ್ದರು.

ಮಳೆ ಹಿಂದುಮುಂದಾದ ವರ್ಷಗಳಲ್ಲಿ ಊರಿನ ಹೊಲಗಳೆಲ್ಲ ಬೋಳಾದಾಗಲೂ ದಿಣ್ಣೆಯ ಮೇಲಿನ ಆ ಜೋಳ ಮಾತ್ರ ಎಲೆ ಸುರುಟಿಕೊಂಡು ನಿಂತಿರುತ್ತಿತ್ತು. ಸತ್ತೇಹೋಯಿತು ಅಂದುಕೊಂಡರೆ ಒಂದು ಹದ ಮಳೆಗೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. "ಇದು ಒಣಗೋ ಜಾತಿ ಅಲ್ಲ, ಮುನಿಸ್ಕೊಂಡ್ ಕೂರುತ್ತೆ ಅಷ್ಟೆ" ಎಂದು ದೊಡ್ಡಮ್ಮ ಅದನ್ನು ಮನೆಯ ಮಗುವಿನ ಹಾಗೆ ಹೇಳಿಕೊಳ್ಳುತ್ತಿದ್ದರು. ಒಂದು ಸಲ ಕೊಯ್ದರೆ ಬುಡದಿಂದ ಕೂಳೆ ಚಿಗುರುತ್ತಿತ್ತು. ಬಿತ್ತನೆಯ ಕೆಲಸವಿಲ್ಲದೆ ಎರಡನೇ ಮೇವು.

ಕೊಯ್ದ ದಿನವೇ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಜಾಲಿಯ ಒಂದು ದೊಡ್ಡ ಕೊಂಬೆಯನ್ನು ಎಳೆದು ತಂದು ಹೊಲದ ದಾರಿಗೆ ಅಡ್ಡ ಹಾಕಿ ಮೇಲೊಂದು ಕಲ್ಲಿಡುತ್ತಿದ್ದರು. ಊರಿನಲ್ಲಿ ಬೇರೆಯವರೂ ಹಾಗೇ ಮಾಡುತ್ತಿದ್ದರು. ಮೇಕೆ ನುಗ್ಗದಿರಲಿ ಅಂತ ಇರಬೇಕು ಅಂದುಕೊಂಡೆ. ಕೇಳಬೇಕು ಅನ್ನಿಸಲಿಲ್ಲ. ಅವರಿಗೂ ಹೇಳಬೇಕು ಅನ್ನಿಸಿರಲಿಕ್ಕಿಲ್ಲ. ನಡೆಯಲು ಬಂದ ಮಗುವಿಗೂ ಇಲ್ಲಿ ಗೊತ್ತಿರುವ ಸಂಗತಿಯನ್ನು ಸೊಸೆಯನ್ನು ಕೂರಿಸಿಕೊಂಡು ಯಾರು ಹೇಳುತ್ತಾರೆ?

ನಾನು ಬಂದ ಎರಡನೇ ವರ್ಷ ಮೊದಲ ಮಳೆ ಚೆನ್ನಾಗಿ ಬಂದು ಆಮೇಲೆ ತಿಂಗಳುಗಟ್ಟಲೆ ಕಾಣೆಯಾಯಿತು. ದೊಡ್ಡಮ್ಮ ಜೋಳವನ್ನು ಒಂದು ಸಲ ಕೊಯ್ದಾಗಿತ್ತು. ಕೂಳೆ ಮೊಣಕಾಲಿನಷ್ಟು ಬಂದು ನಿಂತುಬಿಟ್ಟಿತ್ತು. ಹಸುವಿಗೆ ಆಗ ತುಂಬಿದ ಗಬ್ಬ, ಕರು ಹಾಕಲು ಇಪ್ಪತ್ತು ದಿನವಿರಬಹುದು. ಅದೇ ಹೊತ್ತಿಗೆ ಮಗಳ ಮನೆಯ ಗೃಹಪ್ರವೇಶ ಬಂತು. ಹೆಣ್ಣುಕರು ಹುಟ್ಟಿದರೆ ಮಗಳ ಹೊಸ ಮನೆಗೇ ಎಂದು ದೊಡ್ಡಮ್ಮ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದರು.

"ಎರಡೇ ದಿನ ಕಣಮ್ಮ. ರಾಗಿ ಹುಲ್ಲು ಹಾಕು, ಎರಡ್ ಹೊತ್ತು ಬೂಸಾ ಕಲಸಿಡು, ನೀರು ತೋರ್ಸು. ನಾನಿಲ್ಲ ಅಂತ ಅರಚುತ್ತೆ, ಅರಚ್ಲಿ ಬಿಡು. ಅದಕ್ಕೆ ನನ್ ಮೇಲೆ ವಿಪರೀತ ಯಜಮಾನಿಕೆ" ಎಂದು ನಗುತ್ತಾ, ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಬಸ್ಸಿಗೆ ಹೊರಟರು.

ಅರಚಿತು. ಮೊದಲ ದಿನ ಬೂಸಾ ತಿಂದು, ರಾಗಿ ಹುಲ್ಲನ್ನು ಮೂಸಿ ಬಿಟ್ಟಿತು. ಆ ಸಂಜೆ ಒಂದು ತುಂತುರು ಬಿತ್ತು. ಮರುದಿನ ಬೆಳಿಗ್ಗೆಯೂ ಹುಲ್ಲು ಮುಟ್ಟಲಿಲ್ಲ. ತುಂಬಿದ ಹೊಟ್ಟೆ ಹೊತ್ತುಕೊಂಡು ಬಾಗಿಲ ಕಡೆ ನೋಡುತ್ತಾ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಗಬ್ಬದ ಹಸುವಿಗೆ ಒಣಹುಲ್ಲು ಹಾಕಿದರೆ ಜನ ಬೈಯುತ್ತಾರೆ. ಗದ್ದೆ ಬದುವಿನ ಹುಲ್ಲೋ ಕಬ್ಬಿನ ಸೋಗೆಯೋ, ಹಸಿರಾಗಿದ್ದದ್ದೆಲ್ಲ ದನಕ್ಕೆ ಮೇವೇ. ಅತ್ತೆ ರಾಗಿ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದರು. ನಮ್ಮೆಜಮಾನರು ಡೇರಿಗೆ ಹಾಲು ಹಾಕಿ ಹಾಗೇ ದೇವನಹಳ್ಳಿಗೆ ಹೋಗಿದ್ದರು. ನಾನು ಕುಡುಗೋಲು ಹಿಡಿದು ದಿಣ್ಣೆಗೆ ಹೋದೆ.

ತುಂತುರಿಗೆ ಜೋಳ ಕಪ್ಪಗಾಗುವಷ್ಟು ಹಸಿರಾಗಿತ್ತು, ಬುಡದಲ್ಲಿ ಹೊಸ ಚಿಗುರು. ಮುಳ್ಳಿನ ಕೊಂಬೆಯನ್ನು ಕುಡುಗೋಲಿನ ತುದಿಯಿಂದ ಪಕ್ಕಕ್ಕೆ ಸರಿಸಿದೆ. ಹೊರೆಯೇನಲ್ಲ, ಕಂಕುಳಿಗೆ ಹಿಡಿಯುವಷ್ಟು ಒಂದು ಕಂತೆ. ದೊಡ್ಡಮ್ಮ ಬಂದು, ನನ್ನ ಹಸುವನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀಯಮ್ಮ ಅನ್ನುತ್ತಾರೆ ಎಂದು ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗಿದ್ದೆ.

ಕಂತೆ ಬಿಚ್ಚುವ ಮೊದಲೇ ಹಸು ಬಾಯಿ ಹಾಕಿತು. ಸ್ವಲ್ಪ ಹೊತ್ತು ನಿಂತು ನೋಡಿ, ಒಲೆಯ ಮೇಲೆ ಎಸರಿಡಲು ಮನೆಗೆ ಬಂದೆ. ಎಸರು ಕುದಿಯುವ ಮೊದಲೇ ಪಕ್ಕದ ಕೊಟ್ಟಿಗೆಯಿಂದ ಗೋಡೆ ಬಿದ್ದಂಥ ಸದ್ದು ಬಂತು.

ಓಡಿ ಹೋದಾಗ ಹಸು ನೆಲದ ಮೇಲಿತ್ತು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ನಾಲ್ಕು ಕಾಲೂ ಗಾಳಿಯಲ್ಲಿ ನಡೆಯುತ್ತಿದ್ದವು. ನನ್ನ ಕೂಗಿಗೆ ಜನ ಸೇರಿದರು. ಹೊಲದಿಂದ ಓಡಿ ಬಂದ ಅತ್ತೆ ಹಸುವನ್ನು ನೋಡಿದರು, ಮೇವನ್ನು ನೋಡಿದರು, ನನ್ನನ್ನು ನೋಡಿದರು.

"ಕೂಳೆ ಹಾಕ್ಬುಟ್ಯೇನೇ? ಮುಳ್ಳೆಳ್ದಿರ್ಲಿಲ್ವೇನೇ? ಮಳೆ ಹೋದಾಗಿನ ಎಳೆ ಜೋಳ ವಿಷ ಕಣೇ!"

ಆಗ ಗೊತ್ತಾಯಿತು, ಆ ಮುಳ್ಳು ಯಾತಕ್ಕೆಂದು. ನೀರು ಕಾಣದೆ ಕುಗ್ಗಿ ನಿಂತ ಜೋಳದ ಎಳೆ ಎಲೆಯಲ್ಲಿ ವಿಷ ಕಟ್ಟಿಕೊಳ್ಳುತ್ತದೆ. ತುಂತುರಿಗೆ ಒಡೆದ ಚಿಗುರಿನಲ್ಲಿ ಇನ್ನೂ ಹೆಚ್ಚು. ಕಡ್ಡಿ ಬಲಿತು ತೆನೆ ಹೊರಡುವವರೆಗೆ ಅದನ್ನು ಯಾರೂ ಮುಟ್ಟಬಾರದು. ಬರವನ್ನು ತಡೆದುಕೊಳ್ಳುತ್ತದೆ ಎಂದು ನಂಬಿ ಬಿತ್ತಿದ ಮೇವು, ತಡೆದುಕೊಳ್ಳುತ್ತಿರುವ ಆ ಹೊತ್ತಿನಲ್ಲೇ ಕೊಲ್ಲುತ್ತದೆ.

ಬೆಲ್ಲ ಕರಗಿಸಿ ಬಿದಿರ ಗೊಟ್ಟದಲ್ಲಿ ಹಸುವಿನ ಬಾಯಿಗೆ ಹುಯ್ಯಲು ನೋಡಿದರು. ಒಳಗೆ ಹೋದದ್ದಕ್ಕಿಂತ ಹೊರಗೆ ಚೆಲ್ಲಿದ್ದೇ ಹೆಚ್ಚು. ಒಬ್ಬರು ಬೈಕಿನಲ್ಲಿ ಹೋಗಿ ಡಾಕ್ಟರನ್ನು ಕರೆತಂದರು. ಅವರು ಬರುವ ಹೊತ್ತಿಗೆ ಕಾಲುಗಳ ಓಡಾಟ ನಿಂತಿತ್ತು. ಡಾಕ್ಟರು ಕಣ್ಣ ರೆಪ್ಪೆ ಎತ್ತಿ ನೋಡಿ, ತೆರೆದಿದ್ದ ಚೀಲವನ್ನು ಮತ್ತೆ ಮುಚ್ಚಿದರು. ಅಷ್ಟರಲ್ಲಿ ಹಸುವಿನ ಪಕ್ಕೆಯಲ್ಲಿ ಏನೋ ಒಂದು ಸಲ ಹೊರಳಿತು.

"ಸಾರ್, ಕರು..." ಅಂದೆ.

ಅವರು ನನ್ನ ಮುಖ ನೋಡಲಿಲ್ಲ. "ತಾಯಿ ರಕ್ತಾನೇ ಅಲ್ವೇನಮ್ಮ ಅದಕ್ಕೂ?" ಅಂದರು. ಇನ್ನೊಂದು ಸಲ ಹೊರಳಿತು, ಮೊದಲಿಗಿಂತ ಸಣ್ಣಗೆ. ಅಷ್ಟು ಜನ ಸುತ್ತ ನಿಂತಿದ್ದೆವು. ಎಲ್ಲರೂ ಆ ಪಕ್ಕೆಯನ್ನೇ ನೋಡುತ್ತಿದ್ದೆವು. ಯಾರ ಕೈಗೂ ಮಾಡಲು ಕೆಲಸವಿರಲಿಲ್ಲ...

ಸಂಜೆ ದಿಣ್ಣೆಯ ಪಕ್ಕದಲ್ಲೇ ಗುಂಡಿ ತೋಡಿ ಉಪ್ಪು ಹಾಕಿ ಮಣ್ಣು ಮಾಡಿದರು.

ಮರುದಿನ ಮಧ್ಯಾಹ್ನದ ಬಸ್ಸಿಗೆ ದೊಡ್ಡಮ್ಮ ಬಂದರು. ನಿಲ್ದಾಣದಲ್ಲೇ ಯಾರೋ ಹೇಳಿದ್ದರಂತೆ. ಬಾಳೆಲೆಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಕೊಟ್ಟಿಗೆಗೆ ಹೋಗಿ, ಗೂಟದ ಹತ್ತಿರ ಸ್ವಲ್ಪ ಹೊತ್ತು ನಿಂತರು. ಮೇವು ಹಾಕುವ ಗೊಂತಿಗೆಯೊಳಗೆ ಬಗ್ಗಿ ನೋಡಿದರು. ನಾನು ಬಾಗಿಲಿಗೆ ಒರಗಿ, ಹೊಡೆದರೂ ಸರಿ ಎಂದು ಕಾಯುತ್ತಿದ್ದೆ.

"ಹೊಟ್ಟೆ ತುಂಬ ತಿಂತಾ?" ಎಂದು ಕೇಳಿದರು.

"ಹೂಂ ದೊಡ್ಡಮ್ಮ, ತಿಂತು."

"ಸರಿ ಬಿಡು" ಅಂದರು. ಆಮೇಲೆ ಪೊಟ್ಟಣ ನನ್ನ ಕೈಗಿಟ್ಟು, "ಒಬ್ಬಟ್ಟು. ನಿಂಗೇ ಅಂತ ಕಟ್ಟಿಸ್ಕೊಂಬಂದೆ. ತಿನ್ನು, ಹಳಸೋಗುತ್ತೆ" ಅಂದರು.

ಆ ದಿನವಷ್ಟೇ ಅಲ್ಲ, ಮುಂದೆ ಯಾವತ್ತೂ ಅವರು ನನ್ನನ್ನು ಆ ವಿಷಯಕ್ಕೆ ಬೈಯಲಿಲ್ಲ. ತಿಂಗಳಾದ ಮೇಲೆ ಅತ್ತೆಯೇ ನಮ್ಮ ಪಡ್ಡೆ ಹಸುವಿನ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, "ಹೋಗು, ಅವ್ರ ಗೂಟಕ್ಕೆ ಕಟ್ಬಿಟ್ ಬಾ" ಅಂದರು. ಕಟ್ಟಿ ಬಂದೆ. ಸಂಜೆಗೆ ದೊಡ್ಡಮ್ಮ ಅದನ್ನು ಹೊಡೆದುಕೊಂಡು ಬಂದು ನಮ್ಮ ಕೊಟ್ಟಿಗೆಯಲ್ಲೇ ಕಟ್ಟಿದರು. "ಇನ್ನೊಂದನ್ನ ಕಟ್ಟೋಕೆ ಆಗಲ್ಲ ಕಣಮ್ಮ ನನ್ ಕೈಲಿ" ಅಂದರು. ಮತ್ತೆ ಹಸು ಸಾಕಲೇ ಇಲ್ಲ. ಆದರೂ ಪ್ರತಿ ಮುಂಗಾರಿಗೆ ಜೋಳ ಬಿತ್ತುವುದನ್ನು ಬಿಡಲಿಲ್ಲ. ತೆನೆ ಹೊರಟ ಮೇಲೆ ಕೊಯ್ದು, ಹೊರೆ ಹೊತ್ತು ತಂದು ನಮ್ಮ ಬಾಗಿಲಿಗೆ ಹಾಕುತ್ತಿದ್ದರು. ಕಡ್ಡಿಯನ್ನು ಮುರಿದು ತೋರಿಸಿ, "ನೋಡು, ಹಿಂಗ್ ಗಟ್ಟಿ ಆಗಿರ್ಬೇಕು. ಈಗ ಹಾಕು, ಏನೂ ಆಗಲ್ಲ" ಅನ್ನುತ್ತಿದ್ದರು. ಪ್ರತಿ ಸಲವೂ ಮೊದಲ ಸಲ ಹೇಳುವವರ ಹಾಗೆ. ಬೇಡ ಅನ್ನಲು ನನಗೆ ಬಾಯಿರಲಿಲ್ಲ, ತೆಗೆದುಕೊಳ್ಳಲು ಕೈಯೂ ಇರಲಿಲ್ಲ. ತೆಗೆದುಕೊಳ್ಳುತ್ತಿದ್ದೆ.

ಕೊನೆಗೆ ಮಂಡಿ ನೋವು ಹೆಚ್ಚಾಗಿ ಮಗಳು ಕರೆದುಕೊಂಡು ಹೋದಳು. ಮುಂದಿನ ಬೇಸಿಗೆಗೆ ಸಮೇತನಹಳ್ಳಿಯಲ್ಲೇ ಹೋಗಿಬಿಟ್ಟರು. ನಮಗೆ ಸುದ್ದಿ ಬಂದದ್ದು ಮಣ್ಣಾದ ಮೇಲೆ. ದಿಣ್ಣೆಯ ಮೇಲೆ ಈಗ ಸೈಟಿನ ಕಲ್ಲುಗಳಿವೆ.

ಅವತ್ತು ಕೊಟ್ಟಿಗೆಯಲ್ಲಿ ಅವರಿಗೆ ನಾನು ಹೇಳಿದ್ದು ಸುಳ್ಳು. ಹಸು ಹೊಟ್ಟೆ ತುಂಬ ತಿಂದಿರಲಿಲ್ಲ. ನಾನಿನ್ನೂ ಎದುರಿಗಿರುವಾಗಲೇ ಅರ್ಧಕ್ಕೆ ಮೇವು ಬಿಟ್ಟು ತಲೆ ಎತ್ತಿ ಬಾಗಿಲ ಕಡೆ ನೋಡಿತ್ತು. ದೊಡ್ಡಮ್ಮನನ್ನು ಹುಡುಕುತ್ತಿದೆ ಅಂದುಕೊಂಡು ಎಸರಿಡಲು ಹೋಗಿದ್ದೆ. ಉಳಿದರ್ಧ ಮರುದಿನವೂ ಗೊಂತಿಗೆಯಲ್ಲೇ ಬಾಡಿ ಬಿದ್ದಿತ್ತು. ದೊಡ್ಡಮ್ಮ ಬಗ್ಗಿ ನೋಡಿದ್ದು ಅದನ್ನೇ. ನೋಡಿದ ಮೇಲೆಯೇ ಕೇಳಿದ್ದು.

ಈಗ ನಮ್ಮ ಕೊಟ್ಟಿಗೆಯಲ್ಲಿ ಮೂರು ಹಸುಗಳಿವೆ. ಮೇಯುತ್ತಿರುವ ಹಸು ಸುಮ್ಮನೆ ಒಮ್ಮೆ ತಲೆ ಎತ್ತಿದರೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಅದು ಮತ್ತೆ ಬಗ್ಗಿ ಮೇವಿಗೆ ಬಾಯಿ ಹಾಕುವವರೆಗೆ ಅಲ್ಲಿಂದ ಕದಲಲು ನನ್ನಿಂದ ಆಗುವುದಿಲ್ಲ.