ರತ್ನಳ ದವಡೆಗೆ ನಾನಿಟ್ಟ ಹೊಗೆಸೊಪ್ಪು

ನಾನು ಗೌರಮ್ಮ. ಹಳ್ಳಿಮೈಸೂರು ಹತ್ತಿರದ ಊರಿನಲ್ಲಿ ಹದಿನಾಲ್ಕು ಜನರ ಮನೆಗೆ ಹಿರಿಯಳು. ಎಸ್ಸೆಸ್ಸೆಲ್ಸಿ ಓದಿದ್ದೇನೆ. ನಾನು ಅಂದ ಮೇಲೆ ಮನೆಯಲ್ಲಿ ಎರಡನೆಯ ಮಾತಿಲ್ಲ.

ಊಟವಾಗಿ ಹೆಂಗಸರೆಲ್ಲ ಜಗುಲಿಯಲ್ಲಿ ಕೂತರೆ ಎಲೆಅಡಿಕೆ ಸಂಚಿ ಬಿಚ್ಚುವವಳು ನಾನೇ. ಯಾರಿಗೆ ಎಷ್ಟು ಹೊಗೆಸೊಪ್ಪು ಎಂದು ನಾನೇ ಮುರಿದು ಕೊಡಬೇಕು. ಅದೊಂದು ಗತ್ತು ನನಗೆ.

ನನ್ನ ಓರಗಿತ್ತಿ ರತ್ನ ಮೊದಲ ಬಾಣಂತನದಲ್ಲಿ ಹಲ್ಲುನೋವೆಂದು ಅತ್ತಾಗ, ಅವಳ ಎಡದವಡೆಗೆ ಚೂರು ಹೊಗೆಸೊಪ್ಪು ಇಟ್ಟವಳೂ ನಾನೇ. "ಕಚ್ಕೊಂಡು ಮನೀಕೊ, ಓಯ್ತದೆ" ಅಂದಿದ್ದೆ.

ನೋವು ಹೋಯಿತು. ಹೊಗೆಸೊಪ್ಪು ಅಲ್ಲೇ ಉಳಿಯಿತು... ಇಪ್ಪತ್ತೆರಡು ವರ್ಷ.

ಕಳೆದ ವರ್ಷ ಅದೇ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿತು. ಉಷ್ಣ, ತುಪ್ಪ ಸವರು ಅಂದೆ. ಆಮೇಲೆ ಹುಣ್ಣು, ಆಮೇಲೆ ಗಂಟು. ಹಾಸನದಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದರು.

ನೋಡಲು ಬಂದ ನೆಂಟರೆಲ್ಲರ ಎದುರಿಗೆ ನಾನಂದೆ: "ಮಗನ ಮುಡಿ ಹರಕೆ ತೀರಿಸ್ದೆ ಕುಂತ್ಕಂಡ್ಳು. ಅದ್ಕೇ ಮನೆದೇವ್ರು ಬಾಯಿಗೇ ಕೊಟ್ಟವ್ನೆ ನೋಡಿ."

ರತ್ನ ತಲೆ ತಗ್ಗಿಸಿದಳು. ಆ ಮಾತು ಹೊಳೆನರಸೀಪುರದ ಬೀಗರ ಮನೆವರೆಗೂ ಹೋಯಿತು.

ಆಪರೇಷನ್ ವಿಷಯ ಮಾತಾಡಲು ಅವಳ ಜೊತೆ ನಾನೇ ಹೋದೆ.

ಡಾಕ್ಟರ್ ಇನ್ನೂ ಚಿಕ್ಕ ಹುಡುಗಿ. ಹಳೆಯ ಜೀವಕೋಶ ಸತ್ತರೆ ಪಕ್ಕದ್ದು ಎರಡಾಗಿ ಆ ಜಾಗ ತುಂಬುತ್ತದೆ, ಆಗ ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಅದರೊಳಗಿರುವ ಬರಹವೂ ನಕಲಾಗಬೇಕು ಎಂದಳು. ಹೊಗೆಸೊಪ್ಪು, ಅಡಿಕೆ ದಿನಾ ತಾಗುವಲ್ಲಿ ನಕಲು ಕೆಡುತ್ತದಂತೆ. ಒಂದೆರಡು ತಪ್ಪನ್ನು ಮೈಯೇ ತಿದ್ದಿಕೊಳ್ಳುತ್ತದೆ. ವರ್ಷಗಟ್ಟಲೆ ತಪ್ಪು ಸೇರಿದರೆ ಆ ಕೋಶಕ್ಕೆ ನಿಲ್ಲುವುದೇ ಮರೆತುಹೋಗುತ್ತದೆ. ಬೆಳೆದು ಗಂಟಾಗಿ ಅಕ್ಕಪಕ್ಕಕ್ಕೂ ನುಗ್ಗುತ್ತದೆ.

ಜೀವಕೋಶ... ಹೈಸ್ಕೂಲಿನಲ್ಲಿ ನಾನೂ ಅದರ ಚಿತ್ರ ಬರೆದಿದ್ದೆ.

"ನಾನೂ ನಲವತ್ತು ವರ್ಷದಿಂದ ಆಕ್ತೀನಿ ಕಣಮ್ಮ. ನಂಗ್ಯಾಕ್ ಬರ್ಲಿಲ್ಲ?" ಎಂದೆ, ಗೆದ್ದವಳ ಹಾಗೆ.

"ಇನ್ನೂ ಬಂದಿಲ್ಲ ಅನ್ನಿ ಅಜ್ಜಿ. ಎಲ್ರಿಗೂ ಬರಲ್ಲ, ಯಾರಿಗೆ ಅಂತ ಮೊದ್ಲೇ ಹೇಳಕ್ಕೂ ಆಗಲ್ಲ."

ಆಮೇಲೆ ರತ್ನಳನ್ನು ಕೇಳಿದಳು, ಇದನ್ನು ಯಾರು ಕಲಿಸಿದ್ದು ಎಂದು.

ರತ್ನ ನನ್ನ ಕಡೆ ನೋಡಲೇ ಇಲ್ಲ. "ಅಂಗೇ ಅಭ್ಯಾಸ ಆಗೋಯ್ತು ಮೇಡಂ" ಎಂದಳು, ಊದಿದ ಬಾಯಲ್ಲೇ.

ಸೊಂಟದಲ್ಲಿದ್ದ ಸಂಚಿಯನ್ನು ನಾನು ಸೆರಗಿನೊಳಗೆ ಮುಚ್ಚಿಕೊಂಡೆ.

ಆಪರೇಷನ್ ಆಗಿದೆ. ದವಡೆಯ ಒಂದು ಭಾಗ ತೆಗೆದಿದ್ದಾರೆ. ಗಂಜಿ ಕುಡಿಯುತ್ತಾಳೆ. ನನ್ನನ್ನು "ಅಕ್ಕಾ" ಎಂದು ಕರೆಯಲು ಹೋದರೆ ಪೂರ್ತಿ ಬರುವುದಿಲ್ಲ.

ಹೋದ ಸೋಮವಾರ ಮನೆದೇವರ ಪೂಜೆಗೆ ಅದೇ ನೆಂಟರನ್ನು ಕರೆಸಿದೆ. ಊಟವಾಗಿ ಎಲ್ಲರೂ ಸಂಚಿಗೆ ಕಾದು ಕೂತಾಗ ಎದ್ದು ನಿಂತೆ.

"ದೇವ್ರದೂ ತಪ್ಪಿಲ್ಲ, ರತ್ನಂದೂ ತಪ್ಪಿಲ್ಲ. ಆ ಬಾಯಿಗೆ ಹೊಗೆಸೊಪ್ಪು ಇಟ್ಟೋಳು ನಾನು."

"ಅದ್ಸರಿ ಅತ್ಗೆ, ಎಲೆಅಡಿಕೆ ಕೊಡ್ತೀಯೋ ಇಲ್ವೋ?" ಎಂದಳು ನಾದಿನಿ.

ಎಲ್ಲರ ಕಣ್ಣೆದುರೇ ಸಂಚಿಯನ್ನು ಬಚ್ಚಲೊಲೆಗೆ ಹಾಕಿದೆ. ಮಾರನೆಯ ದಿನ ಹಾಸನಕ್ಕೆ ಹೋಗಿ ನನ್ನ ಬಾಯಿಯನ್ನೂ ತೋರಿಸಿ ಬಂದೆ.

ನಾನು ಅವಳ ಮೇಲೆ ಹೊರಿಸಿದ ಮಾತು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ಇದೂ ಹೋಗಲೆಂದು, ಇವತ್ತು ಇಲ್ಲಿ ಬರೆದು ಹಾಕಿದ್ದೇನೆ.