ಕರಡು ಟೀಚರ್

ಪ್ಲಾವ್ಡಿವ್ ಊರಿನ ಭಾಷಾ ಟೀಚರ್ ನೆವ್ಯಾನಾ ಅವರಿಗೆ ಶುದ್ಧಪ್ರತಿ ಕಂಡರೆ ಮೈಯೆಲ್ಲ ಉರಿ. ಊರಿನ ಉಳಿದ ಟೀಚರುಗಳು ಕರಡನ್ನು ಬುಟ್ಟಿಗೆ ಹಾಕಿಸಿ ಶುದ್ಧಪ್ರತಿಗೆ ಅಂಕ ಕೊಟ್ಟರೆ, ಇವರು ಕರಡನ್ನಷ್ಟೇ ಮುಟ್ಟುತ್ತಾರೆ. ಚಿತ್ತುಕಾಟು ಹೆಚ್ಚಿದಷ್ಟೂ ಅವರ ಮುಖ ಅರಳುತ್ತದೆ. "ಆಹಾ, ಎಷ್ಟು ಕೆಟ್ಟದಾಗಿದೆ, ಶಹಬ್ಬಾಸ್!" ಎಂಬುದೇ ಅವರ ಪರಮ ಪ್ರಶಸ್ತಿ. ಆರಕ್ಕೆ ಆರು ಅಂಕದ ಆಸೆಗೆ ಬಿದ್ದ ಜಾಣೆಯರು ಮನೆಯಲ್ಲಿ ನೀಟಾಗಿ ಬರೆದು, ಆಮೇಲೆ ಅಲ್ಲಲ್ಲಿ ಗೀಚಿ, ಮೇಲೆ ಎರಡು ತೊಟ್ಟು ಕಾಫಿ ಚೆಲ್ಲಿ ತರುವುದುಂಟು. ಟೀಚರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ಗೀಟು ಸ್ಕೇಲಿಟ್ಟು ಹೊಡೆದದ್ದು ಕಣೇ! ಯಾರಿಗೆ ಟೋಪಿ ಹಾಕ್ತೀಯಾ?" ಎನ್ನುತ್ತಾರೆ. ಖಾಲಿ ಹಾಳೆ ಕೊಟ್ಟವರನ್ನು ಮಾತ್ರ ಬೈಯುವುದಿಲ್ಲ, ಪಕ್ಕದಲ್ಲೇ ಕುರ್ಚಿ ಎಳೆದು ಕೂತು, "ಒಂದೇ ಒಂದು ದರಿದ್ರ ವಾಕ್ಯ ಕೊಡು ತಾಯಿ, ಒಳ್ಳೇದೇ ಬರೆದುಬಿಟ್ರೆ ನನಗೇನು ಕೆಲಸ?" ಎಂದು ಅಂಗಲಾಚುತ್ತಾರೆ. ಮೂರು ತಿಂಗಳಿಂದ ಖಾಲಿ ಹಾಳೆಯನ್ನೇ ಕೊಡುತ್ತಿದ್ದ ಕಲೀನಾ ಮೊನ್ನೆಯೂ ಅದನ್ನೇ ಇಡಲು ಮೇಜಿನ ಬಳಿ ಹೋದಾಗ ಟೀಚರ್ ಮುಂದೆ ಅವರ ನೋಟ್‌ಬುಕ್ ತೆರೆದಿತ್ತು. ಅವರ ಗಂಡ ತೀರಿಕೊಂಡು ವರ್ಷವಾಗುವ ದಿನ ಊರ ವಾಡಿಕೆಯಂತೆ ಮನೆಯ ಗೇಟಿಗೆ ಅಂಟಿಸಬೇಕಾದ ಸ್ಮರಣೆಯ ಚೀಟಿಯ ಕರಡು ಅದು. ಊರವರೆಲ್ಲ ಅಚ್ಚಿನಂಗಡಿಯ ಸಿದ್ಧ ಸಾಲುಗಳನ್ನೇ ಹಾಕಿಸುತ್ತಾರೆ. ಇವರು ಸ್ವಂತ ಸಾಲಿಗೆ ಕೂತು, "ಸ್ತೋಯಿಲ್, ನೀನಿಲ್ಲದ" ಎಂದು ಹನ್ನೊಂದು ಸಲ ಬರೆದು, ಹನ್ನೊಂದು ಸಲವೂ ಹೊಡೆದುಹಾಕಿದ್ದರು. ಕಲೀನಾ ಬಹಳ ಹೊತ್ತು ನೋಡಿದಳು. "ತುಂಬಾ ಕೆಟ್ಟದಾಗಿದೆ ಟೀಚರ್," ಎಂದಳು ಮೆಲ್ಲಗೆ, "ಶಹಬ್ಬಾಸ್." ಆಮೇಲೆ ತನ್ನ ಖಾಲಿ ಹಾಳೆಯನ್ನು ವಾಪಸ್ ತೆಗೆದುಕೊಂಡು, ಅವರ ಪಕ್ಕದಲ್ಲೇ ಕುರ್ಚಿ ಎಳೆದು ಕೂತು, ಪೆನ್ನಿನ ಮುಚ್ಚಳ ತೆಗೆದಳು.