ನಕ್ಷತ್ರಕ್ಕೆ ಅರ್ಧ ಮಾತು ಹೇಳಿದವರು

ರೇಡಿಯೋ ದೂರದರ್ಶಕದ ದೊಡ್ಡ ಬೋಗುಣಿಯನ್ನು ಆಕಾಶಕ್ಕೆ ಒಡ್ಡಿ, ಬೇರೆಲ್ಲಾದರೂ ಜೀವವಿದ್ದೀತೇ ಎಂದು ಕಿವಿಗೊಟ್ಟು ಕೂರುವ ಶಾಸ್ತ್ರದಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಹೆಸರಿನ ಹಂಬಲವಿಲ್ಲದೆ ಮೂವತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ಕೇಳಿದವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರಾದ ನಮ್ಮ ಹಿರಿಯ ವಿಜ್ಞಾನಿ ಕಳೆದ ತಿಂಗಳ ಕೊನೆಗೆ ನಿವೃತ್ತರಾದರು. ಸಂಸ್ಥೆಯಲ್ಲಿ ಅವರನ್ನು ‘ಚಿಲಕದ ಮೇಡಂ’ ಎಂದು ಕರೆಯುವುದು ವಾಡಿಕೆ. ಮನೆಗೆ ಹೊರಟಾಗ ಕಂಟ್ರೋಲ್ ರೂಮಿನ ಚಿಲಕವನ್ನು ಎರಡು ಸಲ ಎಳೆದು ನೋಡುತ್ತಾರೆ. ಮೆಟ್ಟಿಲಿಳಿದ ಮೇಲೆ ಮನಸ್ಸು ತಡೆಯದೆ ಮತ್ತೆ ಹತ್ತಿಬಂದು ಮೂರನೆಯ ಸಲ ನೋಡುತ್ತಾರೆ. ಹಿಂದಿನಿಂದ ನಗುತ್ತಿದ್ದವರೆಲ್ಲ ಕಾರಣ ತಿಳಿದ ಮೇಲೆ ನಗುವುದನ್ನು ಬಿಟ್ಟರು. ಹೆಸರು ಮಾತ್ರ ಉಳಿದುಕೊಂಡಿತು.

ಅದು ಅವರು ಸೇವೆಗೆ ಸೇರಿದ ಐದನೆಯ ವರ್ಷ. ಗ್ರಹಗಳಿಗೆ ರೇಡಿಯೋ ಅಲೆಗಳನ್ನು ಕಳಿಸಿ, ಬಡಿದು ಮರಳುವ ಪ್ರತಿಧ್ವನಿಯನ್ನು ಅಳೆಯುವ ಪ್ರಬಲವಾದ ಯಂತ್ರವೊಂದು ಸಂಸ್ಥೆಗೆ ಹೊಸದಾಗಿ ಬಂದಿತ್ತು. ಅದನ್ನು ಪರೀಕ್ಷಿಸುವ ದಿನ, ತಂತಿಮಾಮ ಎಂದೇ ಎಲ್ಲರೂ ಕರೆಯುತ್ತಿದ್ದ ಎಂಜಿನಿಯರು ಬೇರೆ ಸದ್ದು ಸಿಗದೆ ಮೇಜಿನ ಮೇಲಿನ ಮೈಕನ್ನೇ ಯಂತ್ರಕ್ಕೆ ಜೋಡಿಸಿದರು. ‘ಒಂದು, ಎರಡು, ಮೂರು’ ಎಂದು ಎಣಿಸಿದರು. ಮೈಕನ್ನು ಕಳಚದೆ ಚಹಾ ಕುಡಿಯಲು ಹೋದರು. ಬೋಗುಣಿ ಆಕಾಶದ ಖಾಲಿ ಮೂಲೆಯೊಂದನ್ನು ನೋಡುತ್ತಿತ್ತು. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು, ಮೇಡಂ ಎತ್ತಿದರು. ಜ್ವರವೆಂದು ಶಾಲೆಗೆ ಹೋಗದಿದ್ದ ಏಳು ವರ್ಷದ ಮಗಳು ಆ ಕಡೆಯಿಂದ ಅಳುತ್ತಿದ್ದಳು. ಜೊತೆಗಿರುತ್ತೇನೆಂದಿದ್ದ ಪಕ್ಕದ ಮನೆಯಾಕೆ ಏನೋ ತುರ್ತಿಗೆ ಹೊರಗೆ ಹೋಗಿದ್ದರು.

“ಬಾಗಿಲು ಹಾಕ್ಕೊ, ಮಗಾ. ಚಿಲಕ ಸರಿಯಾಗಿ ಬಿದ್ದಿದೆಯಾ ನೋಡು. ಯಾರು ಬಂದ್ರೂ ತೆಗೀಬೇಡ. ನಾನು ಬೇಗ ಬರ್ತೀನಿ.”

ಇಷ್ಟನ್ನೇ ಎರಡೆರಡು ಸಲ ಹೇಳಿ, ಚೀಲವನ್ನೂ ತೆಗೆದುಕೊಳ್ಳದೆ ಓಡಿದರು. ಬಸ್ಸು ಸಿಕ್ಕದೆ ಮನೆ ಮುಟ್ಟಲು ಎರಡು ಗಂಟೆ ಹಿಡಿಯಿತು. ಮಗು ಕಿಟಕಿಯ ಸರಳು ಹಿಡಿದು ಕುಳಿತಿತ್ತು. ಎದುರಿಗೆ ನಿಂತ ಹೆತ್ತ ತಾಯಿಗೂ ಬಾಗಿಲು ತೆರೆಯಲಿಲ್ಲ. ಯಾರು ಬಂದರೂ ತೆಗೆಯಬೇಡ ಎಂದು ಅಮ್ಮನೇ ಹೇಳಿದ್ದಾಳೆ ಎಂಬುದು ಅದರ ವಾದ. ಜ್ವರದಲ್ಲಿ ಕಂದನಿಗೆ ಮಬ್ಬು ಕವಿದಿದೆಯೆಂದು ತಾಯಿ ಹೆದರಿದರು. “ನಾನೇ ಕಣೇ, ಅಮ್ಮ. ಬಂದಿದೀನಿ, ಬಾಗಿಲು ತೆಗಿ,” ಎಂದು ಹತ್ತಾರು ಸಲ ಗೋಗರೆದ ಮೇಲೆ ಚಿಲಕ ಸರಿಯಿತು.

ಮರುದಿನ ಪರೀಕ್ಷೆಯ ಧ್ವನಿಮುದ್ರಿಕೆ ಹಾಕಿ ನೋಡಿದಾಗ, ಮನೆಯ ಮಾತೆಲ್ಲ ಯಂತ್ರದ ಪೂರ್ಣ ಶಕ್ತಿಯೊಡನೆ ಆಕಾಶಕ್ಕೆ ಹೋಗಿದ್ದು ತಿಳಿಯಿತು. “ಬಿಡಿ ಮೇಡಂ, ಖಾಲಿ ಜಾಗಕ್ಕೆ ಹೋಗಿದೆ. ಯಾರಿಗೇನು ನಷ್ಟ?” ಎಂದರು ತಂತಿಮಾಮ. ಮೇಡಂ ಬಿಡಲಿಲ್ಲ. ದಿನಚರಿ ಪುಸ್ತಕದಲ್ಲಿ ಘಟನೆಯನ್ನು ತಮ್ಮ ಕೈಯಾರೆ ಬರೆದರು. ಆದರೆ ಮೈಕ್ ಕಳಚದವರ ಹೆಸರೆತ್ತದೆ, ‘ಮೈಕ್ ನೋಡದೆ ಮಾತನಾಡಿದ್ದು ನನ್ನ ತಪ್ಪು’ ಎಂದಷ್ಟೇ ಬರೆದು ಸಹಿ ಹಾಕಿದರು. ತಂತಿಮಾಮನ ಕೆಲಸ ಉಳಿಯಿತು, ಮೇಡಂ ಅವರ ಬಡ್ತಿ ಮೂರು ವರ್ಷ ಮುಂದಕ್ಕೆ ಹೋಯಿತು. ಆಮೇಲೆ ನಕ್ಷತ್ರಪಟ ಬಿಡಿಸಿ ನೋಡಿದರೆ, ಖಾಲಿಯೆಂದುಕೊಂಡಿದ್ದ ಮೂಲೆಯಲ್ಲಿ ಸಣ್ಣದೊಂದು ಕೆಂಪು ನಕ್ಷತ್ರವಿತ್ತು. ನಮ್ಮ ಮಾತು ಅಲ್ಲಿಗೆ ಮುಟ್ಟಲು ಹದಿನೈದೂವರೆ ವರ್ಷ, ಉತ್ತರವೆಂಬುದು ಇದ್ದರೆ ಅದು ಬರಲು ಮತ್ತೆ ಅಷ್ಟೇ.

ಹನ್ನೆರಡು ವರ್ಷಗಳ ತರುವಾಯ ಆ ನಕ್ಷತ್ರಕ್ಕೆ ಗ್ರಹವೊಂದಿದೆಯೆಂದೂ, ನೀರು ನಿಲ್ಲುವಷ್ಟು ಹದವಾದ ದೂರದಲ್ಲಿದೆಯೆಂದೂ ಸುದ್ದಿ ಬಂತು. ಈ ಸಾಲುಗಳನ್ನು ಬರೆಯುತ್ತಿರುವ ಶಿಷ್ಯ ಆಗಷ್ಟೇ ಸಂಸ್ಥೆಗೆ ಸೇರಿದ್ದ. ಎಲ್ಲರೂ ಕೈಕುಲುಕುತ್ತಿದ್ದರೆ ಮೇಡಂ ಮೂಲೆಯ ಕುರ್ಚಿಯಲ್ಲಿ ಕುಸಿದು ಕುಳಿತಿದ್ದರು. ಮೊದಲು ಮಗಳ ಹಾಸ್ಟೆಲಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ನಮ್ಮ ಮಾತು ಅಲ್ಲಿಗಿನ್ನೂ ಮುಟ್ಟಿಲ್ಲ, ದಾರಿಯಲ್ಲಿದೆ, ಹಿಂದಕ್ಕೆ ಕರೆಯುವ ಉಪಾಯ ಮಾತ್ರ ಇಲ್ಲ ಎಂದರು. ಅಲ್ಲಿ ಯಾರೂ ಇಲ್ಲದಿರಬಹುದು, ಇದ್ದರೂ ನಮ್ಮ ಭಾಷೆ ಅವರಿಗೇನು ತಿಳಿದೀತು ಎಂದು ಶಿಷ್ಯ ಸಮಾಧಾನ ಹೇಳಲು ಹೋದ.

“ತಿಳಿಯಲ್ಲ ಅಂತ ನಂಗೂ ಗೊತ್ತು,” ಎಂದರು ಮೇಡಂ. “ಆದ್ರೆ ಬೇಗ ಬರ್ತೀನಿ ಅಂದುಬಿಟ್ಟಿದೀನಲ್ಲ.”

ಸೌರಮಂಡಲ ದಾಟಿಹೋದ ನೌಕೆಗಳಲ್ಲಿ ಅತ್ಯಂತ ವೇಗದ್ದನ್ನೇ ಹತ್ತಿದರೂ ಆ ನಕ್ಷತ್ರ ಮುಟ್ಟಲು ಎರಡೂ ಮುಕ್ಕಾಲು ಲಕ್ಷ ವರ್ಷ ಬೇಕೆಂದು ಅವರೇ ಲೆಕ್ಕ ಹಾಕಿಟ್ಟಿದ್ದರು. ವೇಗ ನೂರು ಪಟ್ಟು ಹೆಚ್ಚಿದರೂ ಇಲ್ಲಿಂದ ಹೊರಟವರ ಮೂಳೆಯೂ ಅಲ್ಲಿಗೆ ಹೋಗದು. ವಿದ್ಯಾರ್ಥಿಗಳಿಗೆ ಇದನ್ನು ಪಾಠ ಮಾಡುವಾಗಲೆಲ್ಲ ಅವರ ದನಿ ತಗ್ಗುತ್ತಿತ್ತು. ಎಲ್ಲೋ ಒಂದು ಮಗು ಬಾಗಿಲು ಹಾಕಿಕೊಂಡು ಕಾಯುತ್ತಿದೆ ಎಂಬ ಭಯ ಅವರನ್ನು ಬಿಡಲೇ ಇಲ್ಲ. ಮಗುವಲ್ಲದೆ ಬೇರೆ ಯಾರಾದರೂ ಕೇಳಿಸಿಕೊಂಡರೆ ಗತಿಯೇನೆಂಬುದು ಇನ್ನೊಂದು ಭಯ. ಯಾರನ್ನೂ ಕೇಳದೆ ಆಕಾಶಕ್ಕೆ ಒಂದಕ್ಷರವೂ ಹೋಗಕೂಡದೆಂಬ ನಿಯಮವನ್ನೂ, ಅದಕ್ಕೊಂದು ಸಮಿತಿಯನ್ನೂ ಹಟಹಿಡಿದು ಮಾಡಿಸಿದವರು ಅವರೇ.

ಈ ಶಿಷ್ಯನ ಮೇಲೆ ಅವರ ಋಣ ದೊಡ್ಡದು. ಒಮ್ಮೆ ವಿಚಿತ್ರ ಸಂಕೇತವೊಂದನ್ನು ಕಂಡು, ಬೋಗುಣಿಯನ್ನು ಪಕ್ಕಕ್ಕೆ ತಿರುಗಿಸಿ ನೋಡುವ ಮೊದಲೇ, ಅನ್ಯಲೋಕದವರು ಸಿಕ್ಕರೆಂದು ಅವನು ಊರಿಗೆಲ್ಲ ಸಾರಿದ್ದ. ಆಕಾಶದ್ದಾದರೆ ತಿರುಗಿಸಿದೊಡನೆ ಹೋಗಬೇಕಿದ್ದ ಸಂಕೇತ ಹೋಗಲಿಲ್ಲ; ಅದು ಸಂಸ್ಥೆಯದೇ ನೀರಿನ ಪಂಪಿನ ಗದ್ದಲ. ಅಂದಿನ ಸಭೆಯಲ್ಲಿ ಮೇಡಂ ಎದ್ದುನಿಂತು, ಕಲಿಸಬೇಕಾದ್ದನ್ನು ಸರಿಯಾಗಿ ಕಲಿಸದ ತಪ್ಪು ತಮ್ಮದೆಂದರು. ಹೊರಗೆ ಬಂದ ಮೇಲೆ, ಪಂಪಿನವರು ಯಾವ ಲೋಕದವರೆಂದು ವಿಚಾರಿಸಿಕೊಂಡು ಬಾ ಎಂದು ಅವನನ್ನು ಅಟ್ಟಿದ್ದೂ ಅವರೇ.

ಆ ಶಿಷ್ಯ ಈಗ ಸಂಸ್ಥೆಯ ಮುಖ್ಯಸ್ಥ. ಬೀಳ್ಕೊಡುಗೆಗೆ ಶಾಲು ಹೊದಿಸುವುದಕ್ಕಿಂತ, ಮೂವತ್ತೊಂದು ವರ್ಷದಿಂದ ಉಳಿದುಹೋದ ಅರ್ಧ ಮಾತನ್ನು ಮುಗಿಸಲು ಬಿಡುವುದೇ ಸರಿಯೆಂದು ಅವನಿಗೆ ತೋರಿತು. ಮೇಡಂ ಅವರೇ ಕಟ್ಟಿದ ಸಮಿತಿಯ ಮುಂದೆ ಒಂದು ವರ್ಷ ಅಲೆದು ನಲವತ್ತು ಸೆಕೆಂಡಿನ ಅನುಮತಿ ಪಡೆದ. ನಿವೃತ್ತಿಯ ಮಧ್ಯಾಹ್ನ, ಮುಪ್ಪಾಗಿದ್ದ ತಂತಿಮಾಮ ಬಂದು ಹಳೆಯ ಮೈಕನ್ನು ತಾವೇ ಜೋಡಿಸಿದರು. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ಮಗಳು ಬಾಗಿಲ ಬಳಿ ನಿಂತಿದ್ದಳು. ‘ಬಂದಿದೀನಿ, ಬಾಗಿಲು ತೆಗಿ’ ಎಂಬ ಮಾತಿಗಾಗಿ ಎಲ್ಲರೂ ಕಾದರು. ಮೇಡಂ ಮೈಕನ್ನು ಪಕ್ಕಕ್ಕೆ ಸರಿಸಿದರು. ಎಲ್ಲವೂ ಕೆಟ್ಟಿತೆಂದುಕೊಂಡ ಶಿಷ್ಯ.

“ಅದನ್ನ ಹೇಳೋಕಾಗಲ್ಲ,” ಎಂದರು ಮೇಡಂ. “ಬಾಗಿಲು ತೆಗಿ ಅನ್ನೋಕೆ ಬಾಗಿಲ ಮುಂದೆ ನಿಂತಿರಬೇಕು. ನಾವಿನ್ನೂ ಹೊರಟೇ ಇಲ್ಲ.”

ಆಮೇಲೆ ತಂತಿಮಾಮನಿಗೆ ಸನ್ನೆ ಮಾಡಿ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಫೋನಿನಲ್ಲಿ ಮಾತನಾಡುವ ದನಿಯಲ್ಲೇ ಹೇಳಿದರು:

“ತಡ ಆಗುತ್ತೆ, ಮಗಾ. ತುಂಬಾ ತಡ ಆಗುತ್ತೆ. ನಂಗೋಸ್ಕರ ಕಾಯಬೇಡ. ಊಟ ಮಾಡಿ ಮಲಕ್ಕೊ.”

ಅನುಮತಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅವರು ಮೈಕನ್ನು ತಾವೇ ಕಳಚಿ, ಕಳಚಿದ್ದನ್ನು ಎರಡು ಸಲ ನೋಡಿದರು. ಮಗಳು ಬಂದು ಹೆಗಲ ಮೇಲೆ ಕೈಯಿಟ್ಟಳು. “ಅವತ್ತು ಹೀಗೆ ಹೇಳಿದ್ರೆ ನಾನು ಕಿಟಕಿ ಹತ್ರ ಕೂತಿರ್ತಿರ್ಲಿಲ್ಲಮ್ಮ,” ಎಂದಳು.

ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಗ್ರಂಥ ಬಿಡುಗಡೆಯಾಗುವ ಗುರುವಾರಕ್ಕೆ ಮೊದಲ ಮಾತು ಹೊರಟು ಮೂವತ್ತೊಂದು ವರ್ಷ ತುಂಬುತ್ತದೆ. ಉತ್ತರ ಬರುವುದೇ ಆದರೆ ಅಂದಿನಿಂದ ಯಾವ ದಿನವೂ ಬರಬಹುದು, ಬಾರದೆಯೂ ಇರಬಹುದು. ಅದಕ್ಕೇ ಸಮಾರಂಭವನ್ನು ಬೆಳಿಗ್ಗೆಯೇ ಮುಗಿಸಿರೆಂದೂ, ಭಾಷಣ ಉದ್ದವಾದರೆ ನಡುವೆಯೇ ಎದ್ದು ಕಂಟ್ರೋಲ್ ರೂಮಿಗೆ ಹೋಗುವೆನೆಂದೂ ಮೇಡಂ ತಾಕೀತು ಮಾಡಿದ್ದಾರೆ. ಎರಡನೆಯ ಮಾತಿಗೆ ಉತ್ತರ ಬರುವಷ್ಟರಲ್ಲಿ ಅವರಿಗೆ ತೊಂಬತ್ತೊಂದು. ಆದ್ದರಿಂದ ಅವರಿಗೆ ದೀರ್ಘಾಯುಸ್ಸನ್ನು ಕೋರುವುದು ನಮಗೆ ಉಪಚಾರದ ಮಾತಲ್ಲ, ಮನಸಾರೆ ಬೇಡುವ ಮಾತು. ಕಾಯಬೇಡ ಎಂದು ನಕ್ಷತ್ರಕ್ಕೆ ಹೇಳಿದವರು ತಾವು ಮಾತ್ರ ಕಾಯುತ್ತಾರೆ. ಅವರ ಕುರ್ಚಿ ಅಲ್ಲೇ ಇರುತ್ತದೆ. ಅವರು ಬರುವವರೆಗೆ ಕಂಟ್ರೋಲ್ ರೂಮಿಗೆ ನಾವು ಚಿಲಕ ಹಾಕುವುದಿಲ್ಲ.